ನಮೀಬ್ ಮರಳಲ್ಲಿ ಜಾಡು ಓದುವ ಕ್ರಮ: ನನ್ನ ಅನುಭವ

ಆಫ್ರಿಕಾದ ನಮೀಬ್ ಮರಳುಗಾಡನ್ನು ನೋಡಿ ಬಂದವರಲ್ಲಿ ಹೆಚ್ಚಿನವರು ಕೆಂಪು ಗುಡ್ಡ, ಒಣಗಿದ ಮರ, ದೂರದಲ್ಲೊಂದು ಓರಿಕ್ಸ್ ಹುಲ್ಲೆ, ಇಷ್ಟನ್ನೇ ಹೇಳುತ್ತಾರೆ. ಅಲ್ಲಿ ಜೀವಿಗಳಿಲ್ಲ ಎಂದಲ್ಲ. ಅವರು ಗುಡ್ಡ ಹತ್ತುವ ಹೊತ್ತಿಗೆ ರಾತ್ರಿ ಓಡಾಡಿದವೆಲ್ಲ ಮರಳೊಳಗೆ ಸೇರಿಕೊಂಡಿರುತ್ತವೆ, ಅವುಗಳ ಹೆಜ್ಜೆಯನ್ನು ಗಾಳಿ ಅಳಿಸಿರುತ್ತದೆ. ಹಾಗಾಗಿ ನಾನು ಇಲ್ಲಿ ದಿನದ ಯೋಜನೆಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಹಾಕುವುದೇ ಇಲ್ಲ. ಮಂಜು ಯಾವಾಗ ಬರುತ್ತದೆ, ಗಾಳಿ ಯಾವಾಗ ಏಳುತ್ತದೆ, ಇವೆರಡೇ ಲೆಕ್ಕ.

ಅಂಗೋಲಾದ ದಕ್ಷಿಣದಿಂದ ನಮೀಬಿಯಾದ ಉದ್ದಕ್ಕೂ ಹಾದು ದಕ್ಷಿಣ ಆಫ್ರಿಕಾದ ಒಲಿಫಾಂಟ್ಸ್ ನದಿಯವರೆಗೆ ಸುಮಾರು 2000 ಕಿ.ಮೀ. ಚಾಚಿರುವ ಈ ಮರಳುಗಾಡಿಗೆ ಆಧಾರ ಬೆಂಗ್ವೆಲಾ ಎಂಬ ತಣ್ಣನೆಯ ಸಮುದ್ರ ಪ್ರವಾಹ. ಅದರ ಮೇಲೆ ಹಾದುಬರುವ ಗಾಳಿ ತಂಪಾಗಿ ಮಂಜಾಗುತ್ತದೆ, ಮೋಡವಾಗಿ ಮೇಲೇರಿ ಮಳೆ ಸುರಿಸುವುದಿಲ್ಲ. ಸ್ವಾಕೊಪ್‌ಮುಂಡ್ ಕರಾವಳಿಯಲ್ಲಿ ವರ್ಷಕ್ಕೆ 100ಕ್ಕೂ ಹೆಚ್ಚು ದಿನ ಮಂಜು ಕವಿಯುತ್ತದೆ, ಮಳೆ ಮಾತ್ರ 20 ಮಿ.ಮೀ. ಆಗುವುದೂ ಕಷ್ಟ. ಈ ಮಂಜು ರಾತ್ರಿಯಲ್ಲಿ ಒಳನಾಡಿಗೆ 50-60 ಕಿ.ಮೀ.ವರೆಗೆ ನುಗ್ಗುತ್ತದೆ. ಮರಳ ಜೀವಿಗಳನ್ನು ನೋಡಲು ಈ ಪಟ್ಟಿಯ ಒಳಅಂಚೇ ಒಳ್ಳೆಯ ಜಾಗ. ಕುಯ್ಸೆಬ್ ನದಿಯ ದಂಡೆಯ ಗೊಬಾಬೆಬ್, ಅದರ ಮೇಲ್ಗಡೆಯ ಹೋಮೆಬ್ ಅಲ್ಲೇ ಇವೆ. ನದಿಯ ದಕ್ಷಿಣಕ್ಕೆ ಗುಡ್ಡ ಗುಡ್ಡವಾಗಿ ಮರಳು, ಉತ್ತರಕ್ಕೆ ಚಪ್ಪಟೆ ಜಲ್ಲಿ ಬಯಲು, ನಡುವೆ ಒಣನದಿಯ ಪಾತ್ರದಲ್ಲಿ ಮರಗಳು. ಯಾವಾಗಲೋ ಬರುವ ಪ್ರವಾಹ ಮರಳನ್ನು ಕೊಚ್ಚಿಕೊಂಡು ಹೋಗುವುದರಿಂದಲೇ ಗುಡ್ಡಗಳು ಆಚೆ ದಾಟಿಲ್ಲ. ಒಂದೇ ಬೆಳಗ್ಗೆ ಮೂರು ಬಗೆಯ ನೆಲ ಕಾಲ್ನಡಿಗೆಯಲ್ಲಿ ಸಿಗುವುದು ಇಲ್ಲಿ ಮಾತ್ರ. ಗೊಬಾಬೆಬ್‌ನಲ್ಲಿ 1962ರಿಂದ ಸಂಶೋಧನಾ ಕೇಂದ್ರವಿದೆ. ಅಲ್ಲಿಗೆ ಹೋಗುವುದಾದರೆ ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಸಿ14, ಸಿ28 ಮುಖ್ಯರಸ್ತೆಗಳನ್ನು ಬಿಟ್ಟು ನಮೀಬ್-ನೌಕ್ಲುಫ್ಟ್ ರಾಷ್ಟ್ರೀಯ ಪಾರ್ಕಿನ ಒಳದಾರಿಗೆ ಇಳಿಯುವುದಿದ್ದರೆ ಸ್ವಾಕೊಪ್‌ಮುಂಡ್ ಅಥವಾ ವಾಲ್ವಿಸ್ ಬೇಯಲ್ಲೇ ಪರ್ಮಿಟ್ ಮಾಡಿಸಿಕೊಳ್ಳಬೇಕು.

ಅಷ್ಟು ದೂರ ಹೋಗಲಾಗದವರು ಅದೇ ಪಾರ್ಕಿನ ಸೆಸ್ರಿಯೆಮ್ ಗೇಟಿನಿಂದ ಸುಮಾರು 5 ಕಿ.ಮೀ. ಒಳಗಿರುವ ಎಲಿಮ್ ಗುಡ್ಡಕ್ಕೆ ಹೋಗಲಿ. ಎಲ್ಲರೂ 60 ಕಿ.ಮೀ. ಆಚೆಯ ಒಣಕೊಳ ಸೊಸುಸ್‌ವ್ಲೇಗೆ ಓಡುವ ಅವಸರದಲ್ಲಿ ಇದನ್ನು ದಾಟಿಬಿಡುತ್ತಾರೆ. ಹುಲ್ಲಿರುವ ಗುಡ್ಡವಾದ್ದರಿಂದ ಜಾಡು ಇಲ್ಲಿ ಹೆಚ್ಚು. ನಮೀಬಿಯಾ ಬಿಟ್ಟು ಬೇರೆಲ್ಲೂ ಇಲ್ಲದ ಮರಳುಗುಡ್ಡದ ನೆಲಗುಬ್ಬಿಯೂ ಇದೇ ಹುಲ್ಲಿನ ಬುಡದಲ್ಲಿ ಓಡಾಡುತ್ತಿರುತ್ತದೆ. ಆದರೆ ಸೆಸ್ರಿಯೆಮ್ ಕಡಲಿಂದ ಬಹಳ ಒಳಗಿದೆ, ಅಲ್ಲಿ ಮಂಜು ಅಪರೂಪ. ಜಾಡು ಸಿಗುತ್ತದೆ, ಮಂಜು ಕುಡಿಯುವ ಜೀರುಂಡೆ ಸಿಗುವ ಭರವಸೆ ಇಟ್ಟುಕೊಳ್ಳಬಾರದು.

ಗಾಡಿಯ ವಿಷಯ ಬೇಗ ಮುಗಿಸುತ್ತೇನೆ. ನಮೀಬಿಯಾದಲ್ಲೂ ನಮ್ಮಂತೆ ಎಡಗಡೆಯೇ ಓಡಿಸುವುದು, ಅದೊಂದು ಅನುಕೂಲ. ಜಲ್ಲಿರಸ್ತೆಗೆ ಟೈರಿನ ಗಾಳಿ 26-28 ಪಿಎಸ್‌ಐ, ವೇಗ 80ರ ಒಳಗೆ. ಆಳವಾದ ಮರಳಿಗೆ 16-18. ಹೂತುಕೊಂಡರೆ ಮಾತ್ರ 12ರವರೆಗೆ ಇಳಿಸಬಹುದು. ಅಷ್ಟು ಕಡಿಮೆ ಗಾಳಿಯಲ್ಲಿ ಸ್ಟೇರಿಂಗ್ ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ, ಗಟ್ಟಿರಸ್ತೆಯಲ್ಲಿ ವೇಗವಾಗಿ ಓಡಿಸಿದರೆ ಕಾದು ಒಡೆಯುತ್ತದೆ. ಆದ್ದರಿಂದ ಕಂಪ್ರೆಸರ್ ಜೊತೆಗಿರಲೇಬೇಕು. ಬೆಳಗ್ಗೆ ತಣ್ಣಗೆ ಗಟ್ಟಿಯಾಗಿದ್ದ ಮರಳು ಮಧ್ಯಾಹ್ನ ಸಡಿಲವಾಗುತ್ತದೆ, ಹೋದ ದಾರಿಯಲ್ಲೇ ವಾಪಸು ಬರುವಾಗ ಸಿಕ್ಕಿಬೀಳುವುದು ಈ ಕಾರಣಕ್ಕೆ. ಚಕ್ರ ಬರಿದೆ ತಿರುಗಲು ಶುರುವಾದ ಕೂಡಲೇ ಆಕ್ಸಿಲರೇಟರ್ ಬಿಡಿ, ಚಕ್ರದ ಮುಂದೆ ಹಿಂದೆ ಮರಳು ತೆಗೆದು, ಬಂದ ಗುರುತಿನಲ್ಲೇ ರಿವರ್ಸ್ ಬನ್ನಿ. ತಲೆಗೆ ದಿನಕ್ಕೆ 5 ಲೀಟರ್ ನೀರು, ಅದಲ್ಲದೆ 20 ಲೀಟರ್ ಮುಟ್ಟದೆ ಇಡುವುದು. ಎರಡು ಸ್ಟೆಪ್ನಿ.

ಇನ್ನು ಗುಡ್ಡ. ನಾನು ಬೆಳಕು ಹರಿಯುವ ಮೊದಲೇ ಗುಡ್ಡದ ಬುಡದಲ್ಲಿರುತ್ತೇನೆ. ಮಂಜು ಇದ್ದರೆ ನೇರ ಏಣಿಗೆ, ಅಂದರೆ ಗುಡ್ಡದ ನೆತ್ತಿಯ ಚೂಪು ಅಂಚಿಗೆ, ಇಲ್ಲದಿದ್ದರೆ ಬುಡದ ಹುಲ್ಲಿನ ಸಾಲಿಗೆ.

ಮಂಜಿನ ಬೆಳಗಿನಲ್ಲಿ ಏಣಿನ ಮೇಲೆ ನೋಡಬೇಕಾದದ್ದು ಒನಿಮ್ಯಾಕ್ರಿಸ್ ಉಂಗ್ವಿಕ್ಯುಲಾರಿಸ್ ಎಂಬ ಕಪ್ಪು ಜೀರುಂಡೆ. ಮಾಮೂಲಿಗೆ ಹಗಲಲ್ಲಿ ಓಡಾಡುವ ಹುಳು ಇದು. ಮಂಜು ಬಂದರೆ ಮಾತ್ರ ಚಳಿಯಲ್ಲೇ ಮರಳಿಂದ ಎದ್ದು, ನಿಧಾನವಾಗಿ ಏಣು ಹತ್ತಿ, ಗಾಳಿಗೆ ಎದುರಾಗಿ ನಿಂತು ತಲೆ ತಗ್ಗಿಸಿ ಹಿಂಭಾಗ ಎತ್ತುತ್ತದೆ. ಬೆನ್ನ ಮೇಲೆ ಕೂತ ಹನಿಗಳು ಕೂಡಿಕೊಂಡು ಜಾರಿ ಬಾಯಿಗೆ ಬರುತ್ತವೆ. 1976ರಲ್ಲಿ ವಿಜ್ಞಾನಿಗಳಾದ ಹ್ಯಾಮಿಲ್ಟನ್ ಮತ್ತು ಮೇರಿ ಸೀಲಿ ಇದನ್ನು ತೂಗಿ ನೋಡಿ ಪ್ರಕಟಿಸಿದರು. ಒಂದೇ ಬೆಳಗ್ಗೆ ಮೈತೂಕದ ಮೂರನೇ ಒಂದು ಭಾಗದಷ್ಟು ನೀರು ಕುಡಿದ ಹುಳುಗಳೂ ಇದ್ದವು. ಇದನ್ನು ನೋಡುವಾಗ ಆಗುವ ತೊಂದರೆ ಒಂದೇ: ಜನ ಏಣಿನ ಮೇಲೇ ನಡೆದುಬರುತ್ತಾರೆ. ಏಣಿನ ಮರಳು ಕುಸಿದರೆ ಹುಳು ಕಾಲು ತಪ್ಪಿ ಇಳಿದುಹೋಗುತ್ತದೆ, ಚಳಿಗೆ ಮರಗಟ್ಟಿದ ಅದು ಮತ್ತೆ ಹತ್ತುವಷ್ಟರಲ್ಲಿ ಮಂಜು ಕರಗಿರುತ್ತದೆ. ಅದಕ್ಕೇ ನಾನು ಗಾಳಿ ಬೀಸುವ ಕಡೆಯ ಗಟ್ಟಿ ಇಳಿಜಾರಿನಲ್ಲಿ ಓರೆಯಾಗಿ ಹತ್ತಿ, ಏಣಿಗೆ ಮೂರ್ನಾಲ್ಕು ಮೀಟರ್ ಕೆಳಗೇ ಒಂದು ಬದಿಗೆ ಕೂರುತ್ತೇನೆ. ಹುಳುವಿಗೆ ನೇರ ಎದುರು ಕೂತರೆ ಅದಕ್ಕೆ ಬರುವ ಮಂಜಿಗೆ ನಮ್ಮ ಮೈಯೇ ಅಡ್ಡ. ಫ್ಲ್ಯಾಷ್ ಬೇಡ, ಮಂಜಿನ ಹನಿಗಳೇ ಹೊಳೆದು ಚಿತ್ರ ಕೆಡುತ್ತದೆ. ಲೆನ್ಸಿಗೆ ಹುಡ್ ಹಾಕಿ, ಒಣಬಟ್ಟೆ ಜೇಬಿನಲ್ಲಿರಲಿ.

ಅದೇ ಬೆಳಗ್ಗೆ ಇಳಿಜಾರಿನಲ್ಲಿ ಗೆರೆ ಎಳೆದಂತೆ ಸಣ್ಣ ದಂಡೆಯೊಂದು ಕಂಡರೆ ಅದನ್ನು ತುಳಿಯಬೇಡಿ. ಲೆಪಿಡೊಕೋರಾ ಎಂಬ ತಟ್ಟೆಯಂಥ ಜೀರುಂಡೆ ಮಂಜು ಬೀಸುವ ದಿಕ್ಕಿಗೆ ಅಡ್ಡವಾಗಿ ಮರಳನ್ನು ಬದುವಿನ ಹಾಗೆ ಏರಿಸಿರುತ್ತದೆ. ಸುತ್ತಲಿನ ಮರಳಿಗಿಂತ ಆ ಬದು ಹೆಚ್ಚು ತೇವ ಹಿಡಿಯುತ್ತದೆ. ಹುಳು ಅದರ ಉದ್ದಕ್ಕೂ ವಾಪಸು ಬಂದು ನೀರು ಹೀರಿಕೊಳ್ಳುತ್ತದೆ.

ಜಾಡು ಓದಲು ಬೇಕಾದದ್ದು ಓರೆಬೆಳಕು. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಡೆದರೆ ಮರಳು ಬೋಳಾಗಿ ಕಾಣುತ್ತದೆ. ಸೂರ್ಯನ ಕಡೆಗೆ ಮುಖ ಮಾಡಿ ನಡೆದರೆ ಒಂದೊಂದು ಹೆಜ್ಜೆಯ ನೆರಳೂ ನಮ್ಮತ್ತ ಬೀಳುತ್ತದೆ. ಸೂರ್ಯ ಹುಟ್ಟಿದ ಮೇಲೆ ಸಿಗುವುದು ಎರಡು ತಾಸು. ಆಮೇಲೆ ನೆರಳು ಸಾಯುತ್ತದೆ, ಅದರ ಹಿಂದೆಯೇ ನೈಋತ್ಯದಿಂದ ಕಡಲಗಾಳಿ ಏಳುತ್ತದೆ. ಜಾಡಿನ ಪಕ್ಕದಲ್ಲಿ ನಡೆಯಬೇಕು, ಮೇಲಲ್ಲ, ಯಾಕೆಂದರೆ ತಪ್ಪಿದರೆ ಹಿಂದಕ್ಕೆ ಬಂದು ಮತ್ತೆ ಓದಬೇಕಾಗುತ್ತದೆ. ಅಂಚು ಚೂಪಾಗಿದ್ದರೆ ಹೊಸದು, ಮೊಂಡಾಗಿದ್ದರೆ ಹಳೆಯದು. ಎರಡು ಜಾಡು ದಾಟಿದ ಕಡೆ ಯಾವುದು ಯಾವುದನ್ನು ಮುರಿದಿದೆ ನೋಡಿ, ಮುರಿದದ್ದು ಆಮೇಲೆ ಬಂದದ್ದು.

ಜೀರುಂಡೆಯದು ಎರಡು ಸಾಲು ಚುಕ್ಕಿ. ಚಿನ್ನದ ಮೋಲ್ ಎಂಬ ಪುಟ್ಟ ಪ್ರಾಣಿಯದು ಹುಲ್ಲಿನ ಒಂದು ಬುಡದಿಂದ ಇನ್ನೊಂದಕ್ಕೆ ಹೋಗುವ ಆಳವಿಲ್ಲದ ಚರಂಡಿ. ಅಲ್ಲಲ್ಲಿ ತಲೆ ಮರಳಿಗೆ ಅದ್ದಿದ ಗುಳಿ ಇರುತ್ತದೆ. ಅದಕ್ಕೆ ಕಣ್ಣಿನ ಮೇಲೂ ಚರ್ಮ ಮುಚ್ಚಿದೆ. ಹುಲ್ಲು ಗಾಳಿಗೆ ಅಲುಗಿದಾಗ ಮರಳಲ್ಲಿ ಹರಿಯುವ ಅದುರನ್ನು ತಲೆ ಅದ್ದಿ ಕೇಳಿಸಿಕೊಂಡು, ಗೆದ್ದಲಿರುವ ಮುಂದಿನ ಬುಡಕ್ಕೆ ದಾರಿ ಹಿಡಿಯುತ್ತದೆ. ಜಾಡು ದಿನವೂ ಸಿಗುತ್ತದೆ, ಪ್ರಾಣಿ ಸಿಗುವುದು ತೀರಾ ಅಪರೂಪ. ಅಗೆದು ನೋಡಲು ಹೋಗುವವರಿದ್ದಾರೆ. ಸಡಿಲ ಮರಳಲ್ಲಿ ಬಿಲವೇ ನಿಲ್ಲುವುದಿಲ್ಲ, ಅಗೆದು ಏನೂ ಪ್ರಯೋಜನವಿಲ್ಲ.

ಒಂದಕ್ಕೊಂದು ತಾಗದ, ಸಮಾನಾಂತರವಾದ ಓರೆ ಗೆರೆಗಳು, ಪ್ರತಿ ಗೆರೆಯ ತುದಿಗೆ ಸಣ್ಣ ಕೊಕ್ಕೆ ಕಂಡರೆ ನಿಲ್ಲಿ. ಅದು ಪೆರಿಂಗೇ ಆ್ಯಡರ್, ನಮ್ಮ ಮಂಡಲದ ಹಾವಿನ ಬಳಗದ್ದು, ಉದ್ದ 20-25 ಸೆಂ.ಮೀ. ಮಾತ್ರ. ಕಣ್ಣು ತಲೆಯ ಪಕ್ಕದಲ್ಲಿಲ್ಲ, ನೆತ್ತಿಯ ಮೇಲಿದೆ. ಜಾಡು ಎಲ್ಲಿ ಇದ್ದಕ್ಕಿದ್ದಂತೆ ನಿಲ್ಲುತ್ತದೋ ಅಲ್ಲಿ ಎರಡು ಕಣ್ಣು, ಕೆಲವೊಮ್ಮೆ ಹುಳುವಿನಂತೆ ಆಡುವ ಬಾಲದ ತುದಿ ಮಾತ್ರ ಮರಳ ಮೇಲಿರುತ್ತದೆ. ಹಲ್ಲಿಯನ್ನು ಸೆಳೆಯಲು ಅದು ಮಾಡುವ ಉಪಾಯ. ಎರಡು ಮೀಟರ್ ಹತ್ತಿರ ಹೋಗಬಾರದು. ಆಸ್ಪತ್ರೆ ತಾಸುಗಟ್ಟಲೆ ದೂರ. ಪೂರ್ತಿ ಮುಚ್ಚಿದ ಶೂ ಇಲ್ಲದೆ ಹುಲ್ಲಿನ ಬುಡಕ್ಕೆ ಕಾಲಿಡಲೇಬಾರದು, ಕೈ ಊರಿ ಕೂರುವಾಗಲೂ ಜಾಗ ನೋಡಿಯೇ ಕೂರಬೇಕು.

ಬಿಸಿಲೇರಿದ ಮೇಲೆ ಗುಡ್ಡದ ಕುಸಿಯುವ ಮುಖದ ಕೆಳಗೆ ಕೂತರೆ ಸಲಿಕೆ ಮೂತಿಯ ಹಲ್ಲಿ ಕಾಣುತ್ತದೆ. ಮರಳು ಸುಡತೊಡಗಿದಾಗ ಒಂದು ಮುಂಗಾಲು, ಅದರ ಎದುರು ಬದಿಯ ಹಿಂಗಾಲು ಒಟ್ಟಿಗೆ ಎತ್ತಿ, ಕ್ಷಣ ಬಿಟ್ಟು ಕಾಲು ಬದಲಿಸುತ್ತದೆ. ತಾಳಲಾರದಷ್ಟು ಕಾದರೆ ತಲೆ ಮೊದಲಾಗಿ ಮರಳಿಗೆ ಧುಮುಕುತ್ತದೆ. ಮೇಲೆ ಕಾಲಿಡಲಾಗದಷ್ಟು ಸುಡುವಾಗಲೂ ಒಂದು ಗೇಣು ಕೆಳಗೆ ಮರಳು ತಾಳುವಂತಿರುತ್ತದೆ. ಈ ಗುಡ್ಡದ ಜೀವನವೆಲ್ಲ ಆ ಒಂದು ಗೇಣಿನಲ್ಲೇ ನಡೆಯುತ್ತದೆ. ಇವೆಲ್ಲಕ್ಕೂ ಮೂಲ ಆಹಾರ ಗಾಳಿ ತಂದು ಗುಡ್ಡದ ಬುಡದಲ್ಲಿ ರಾಶಿ ಹಾಕುವ ಒಣಹುಲ್ಲಿನ ಪುಡಿ, ಬೀಜ, ಸತ್ತ ಹುಳು. ಚಳಿಗಾಲದಲ್ಲಿ ಪ್ರಸ್ಥಭೂಮಿಯಿಂದ ಪೂರ್ವದ ಬಿಸಿಗಾಳಿ ಬೀಸಿದ ಮರುದಿನ ಆ ರಾಶಿಯ ಪಕ್ಕ ಕಾದು ಕೂರುವುದು ನನಗೆ ಅತ್ಯಂತ ಇಷ್ಟದ ಕೆಲಸ. ಗಾಳಿ ಬೀಸುವಾಗ ಮಾತ್ರ ಹೋಗಬೇಡಿ, ಮರಳು ಗಾಡಿಯ ಬಣ್ಣವನ್ನೂ ಗಾಜನ್ನೂ ಉಜ್ಜಿಬಿಡುತ್ತದೆ.

ರಾತ್ರಿಗೆ ಎರಡು ಟಾರ್ಚ್ ಒಯ್ಯುತ್ತೇನೆ, ಒಂದು ಮಾಮೂಲಿ, ಒಂದು 365 ನ್ಯಾನೋಮೀಟರ್ ಅತಿನೇರಳೆ. ಚೇಳುಗಳು ಅದರ ಬೆಳಕಿಗೆ ಹಸಿರಾಗಿ ಹೊಳೆಯುವುದು ಗೊತ್ತಿರುವ ವಿಷಯ. ಜಾಲಪಾದದ ನಮೀಬ್ ಹಲ್ಲಿಯ ಕಣ್ಣಸುತ್ತ ಮತ್ತು ಪಕ್ಕೆಯ ಪಟ್ಟಿಯೂ ಹೊಳೆಯುತ್ತವೆ ಎಂಬುದು 2021ರಲ್ಲಷ್ಟೇ ಪ್ರಕಟವಾಯಿತು. ಕೆಲವೇ ಸೆಕೆಂಡು ಬಿಟ್ಟು ಆರಿಸಿಬಿಡಿ. ರೆಪ್ಪೆಯಿಲ್ಲದ ಕಣ್ಣದು, ಅದನ್ನೇ ನಾಲಗೆಯಿಂದ ನೆಕ್ಕಿ ಮಂಜಿನ ಹನಿ ಕುಡಿಯುತ್ತದೆ. ಚಕ್ರದಂತೆ ಉರುಳುವ ಜೇಡವನ್ನು ಬಿಲದಿಂದ ತೆಗೆದು ಗುಡ್ಡದ ಮೇಲಿಂದ ಉರುಳಿಸಿ ತೋರಿಸುವ ಚಾಳಿಯೊಂದಿದೆ. ರೇಷ್ಮೆ ಹೊದಿಸಿ ಕಟ್ಟಿದ ಬಿಲ ಅದರಿಂದ ಹಾಳಾಗುತ್ತದೆ. ದಯವಿಟ್ಟು ಹಾಗೆ ತೋರಿಸಿ ಎಂದು ಯಾರನ್ನೂ ಕೇಳಬೇಡಿ.

ಜಲ್ಲಿ ಬಯಲಿನಲ್ಲಿ ಹುಡುಕಬೇಕಾದದ್ದು ನಮಾಕ್ವಾ ಗೋಸುಂಬೆ. ಇದು ಮರದ್ದಲ್ಲ, ನೆಲದ್ದು. ನಾಣ್ಯದಂಥ ಎಲೆಯ ಕುಳ್ಳು ಪೊದೆಗಳ ಸುತ್ತ ನೋಡಿ. ಬೆಳಗ್ಗೆ ಬಿಸಿಲಿನ ಕಡೆಯ ಮೈ ಕಪ್ಪು, ಇನ್ನೊಂದು ಬದಿ ಬಿಳಚು. ಮಧ್ಯಾಹ್ನಕ್ಕೆ ಇಡೀ ಮೈ ಬಿಳಿ. ಮೂಗಿನ ಬಳಿ ಬಿಳಿ ಪುಡಿ ಕಂಡರೆ ರೋಗವಲ್ಲ, ಹೆಚ್ಚಾದ ಉಪ್ಪನ್ನು ಅದು ಅಲ್ಲಿಂದ ಹೊರಹಾಕುತ್ತದೆ. ವೆಲ್ವಿಚಿಯಾ ಗಿಡಗಳೂ ಇದೇ ಬಯಲಿನವು. ಎಷ್ಟೇ ಹರಿದು ಚಿಂದಿಯಾಗಿದ್ದರೂ ಎಲೆ ಎರಡೇ. ಬೇರು ಮೇಲ್ಮಣ್ಣಿನಲ್ಲಿ ಸುತ್ತಲೂ ಹರಡಿರುತ್ತದೆ, ಹಾಗಾಗಿ ಸುತ್ತ ಜೋಡಿಸಿದ ಕಲ್ಲಿನ ಒಳಗೆ ಹೋಗಬಾರದು.

ಕರಾವಳಿಯ ಕೇಪ್ ಕ್ರಾಸ್‌ನ ಸೀಲ್‌ಗಳಿಗೆ ಜಾಡು ಬೇಕಿಲ್ಲ, ವಾಸನೆಯೇ ದಾರಿ ತೋರಿಸುತ್ತದೆ. ಮರಿಗಳು ಬೇಕಿದ್ದರೆ ನವೆಂಬರ್-ಡಿಸೆಂಬರ್. ಮರಿಗಳಿಗಾಗಿ ಬರುವ ಕಂದು ಕತ್ತೆಕಿರುಬ ಬೇಕಿದ್ದರೆ ಬೆಳಗಿನ ಮೊದಲ ಬೆಳಕು. ವಾಲ್ವಿಸ್ ಬೇಯ ದಕ್ಷಿಣಕ್ಕಿರುವ ಸ್ಯಾಂಡ್ವಿಚ್ ಹಾರ್ಬರ್‌ಗೆ ಸ್ವಂತ ಗಾಡಿಯಲ್ಲಿ ಹೋಗುವುದು ಬೇಡ. ಭರತದ ಹೊತ್ತಿಗೆ ಗುಡ್ಡಕ್ಕೂ ಕಡಲಿಗೂ ನಡುವೆ ದಾರಿಯೇ ಉಳಿಯುವುದಿಲ್ಲ. ಪರವಾನಗಿ ಇರುವ ಗೈಡ್ ಜೊತೆ ಹೋಗಿ.

ಕರಾವಳಿಯ ಬಯಲಲ್ಲಿ ಗಾಡಿ ನಿಲ್ಲಿಸುವಾಗ ಎರಡನ್ನು ನೋಡಿಕೊಳ್ಳಬೇಕು. ಮೊದಲನೆಯದು ಕಲ್ಲುಹೂವು. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗವೇ ಸ್ವಾಕೊಪ್‌ಮುಂಡ್‌ನ ಉತ್ತರಕ್ಕೆ ಬಯಲಿಗೆ ಬಯಲೇ ಹಬ್ಬಿದೆ, ಒಣಗಿದಾಗ ಬರಿಯ ಕೊಳೆಯಂತೆ ಕಾಣುತ್ತದೆ. ಅದರಡಿಯ ಜಿಪ್ಸಮ್ ಹೆಪ್ಪು ಚಕ್ರಕ್ಕೆ ಒಡೆದರೆ ಗುರುತು ದಶಕಗಟ್ಟಲೆ ಉಳಿಯುತ್ತದೆ. ಎರಡನೆಯದು ಡಮಾರಾ ರೀವ ಎಂಬ ಕಡಲ ಹಕ್ಕಿ. ಬೇಸಿಗೆಯಲ್ಲಿ ಬರಿ ಜಲ್ಲಿಯ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಮೊಟ್ಟೆಗೆ ಜಲ್ಲಿಯದೇ ಬಣ್ಣ. ಹಕ್ಕಿ ತಲೆಯ ಮೇಲೆ ಕೂಗುತ್ತ ಸುತ್ತಿದರೆ ಮೊಟ್ಟೆ ಹತ್ತಿರದಲ್ಲೇ ಇದೆ ಎಂದರ್ಥ. ಇಳಿದು ಹುಡುಕಬೇಡಿ, ಅಲ್ಲೇ ಗಾಡಿ ತಿರುಗಿಸಲೂ ಬೇಡಿ. ಬಂದ ಚಕ್ರದ ಗುರುತಿನಲ್ಲೇ ಹಿಂದಕ್ಕೆ ಬಂದು ರಸ್ತೆ ಸೇರಿದ ಮೇಲೆ ತಿರುಗಿಸಿ.