ವಾರ್ಷಿಕ ವರದಿಯಿಂದ ಗೋಡೆ ಕ್ಯಾಲೆಂಡರ್‌ವರೆಗೆ: ಗದಗಿನಲ್ಲಿ ಒಂದು ಸಹಕಾರಿ ಸಂಘದ ಪ್ರಕಟಣೆಗಳು

ಗದಗಿನಲ್ಲಿ ಸಹಕಾರಿ ಸಂಘದ ಪ್ರಕಟಣೆಗಳ ಕೆಲಸ ಮಾಡುವವರಿಗೆ ಎರಡು ಅನುಕೂಲಗಳಿವೆ. ಒಂದು, ಊರಲ್ಲೇ ಬೇಕಾದಷ್ಟು ಪ್ರೆಸ್ಸುಗಳಿವೆ. ಮುದ್ರಣಕ್ಕೆ ಗದಗ ಹಿಂದಿನಿಂದಲೂ ಹೆಸರಾದ ಊರು. ಇನ್ನೊಂದು, ಸಹಕಾರಿ ಸಂಘ ಅಂದರೇನು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಇಲ್ಲೇ ಹತ್ತಿರದ ಕಣಗಿನಹಾಳದಲ್ಲಿ. ಅದರ ಬಗ್ಗೆ ನಮಗೆಲ್ಲ ಹೆಮ್ಮೆ. ನಮ್ಮ ಸಂಘದ ವರದಿ ಕೂಡ ಬಹಳ ವರ್ಷ ಅದೇ ಕಥೆಯಿಂದ ಶುರುವಾಗುತ್ತಿತ್ತು. ನಾನು ಈ ಕೆಲಸ ವಹಿಸಿಕೊಂಡ ಮೇಲೆ ಮೊದಲು ಮಾಡಿದ್ದು, ಕಣಗಿನಹಾಳವನ್ನು ಕೊನೆಯ ಪುಟಕ್ಕೆ ಕಳಿಸಿದ್ದು. ಒಂದಿಬ್ಬರು ನಿರ್ದೇಶಕರಿಗೆ ಬೇಜಾರಾಯಿತು. ಆದರೆ ವರದಿ ಕೈಗೆ ಬಂದ ಕೂಡಲೇ ಸದಸ್ಯರು ಹುಡುಕುವುದು ಡಿವಿಡೆಂಡ್ ಎಷ್ಟು ಅನ್ನುವುದನ್ನ, ಅಲ್ವಾ?

ನಮ್ಮದು ಮಧ್ಯಮ ಗಾತ್ರದ ಪತ್ತಿನ ಸಹಕಾರಿ. ಸದಸ್ಯರಲ್ಲಿ ರೈತರು, ಬೆಟಗೇರಿಯ ನೇಕಾರರು, ಕಿರಾಣಿ ಅಂಗಡಿಯವರು, ಪಿಂಚಣಿದಾರರು ಎಲ್ಲ ಇದ್ದಾರೆ. ವರ್ಷಕ್ಕೆ ನಾವು ಹೊರತರುವುದು ವಾರ್ಷಿಕ ವರದಿ, ಮೂರು ತಿಂಗಳಿಗೊಂದು ಸುದ್ದಿಪತ್ರ, ಗೋಡೆ ಕ್ಯಾಲೆಂಡರ್ ಮತ್ತು ಸಾಲ-ಠೇವಣಿ ಯೋಜನೆಗಳ ಕರಪತ್ರ. ಪ್ರಕಟಣೆ ಅಂದ ಕೂಡಲೇ ಆಡಳಿತ ಮಂಡಳಿಯವರು ಕೇಳುವುದು "ಎಷ್ಟು ಪುಟ, ಎಷ್ಟು ಖರ್ಚು, ಮುಖಪುಟದ ಮೇಲೆ ಯಾರ ಫೋಟೋ". ನಾನು ಕೇಳುವುದು ಒಂದೇ. ಇದನ್ನು ಯಾರು, ಎಲ್ಲಿ ಕೂತು ಓದುತ್ತಾರೆ? ಉತ್ತರ ಸಿಗುವವರೆಗೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿಯವರ ಹತ್ತಿರ ಹೋಗುವುದೇ ಇಲ್ಲ.

ವಾರ್ಷಿಕ ವರದಿಯನ್ನೇ ನೋಡಿ. ಅದರ ಓದುಗರು ಮೂರು ಥರ. ಲೆಕ್ಕಪರಿಶೋಧಕರು, ಇಲಾಖೆಯವರು ಒಂದು ಕಡೆ. ಅವರಿಗೆ ಆಸ್ತಿ-ಜವಾಬ್ದಾರಿ ತಖ್ತೆ, ಲಾಭ-ಹಾನಿ ತಖ್ತೆ, ಲಾಭ ವಿಲೇವಾರಿ, ಮುಂದಿನ ವರ್ಷದ ಅಂದಾಜು ಎಲ್ಲ ಕ್ರಮವಾಗಿ ಬೇಕು. ದೊಡ್ಡ ಠೇವಣಿ ಇಟ್ಟವರು ಇನ್ನೊಂದು ಕಡೆ. ಅವರು ಸುಸ್ತಿ ಸಾಲ, ಅಂದರೆ ಗಡುವು ಮೀರಿದರೂ ಕಟ್ಟದೆ ಉಳಿದ ಸಾಲ, ಎಷ್ಟು ಅಂತ ನೇರವಾಗಿ ಆ ಸಾಲಿಗೇ ಹೋಗುತ್ತಾರೆ. ಉಳಿದವರು ಸಾಮಾನ್ಯ ಸದಸ್ಯರು. ಸರ್ವಸಾಧಾರಣ ಸಭೆ ನಡೆಯುವುದು ಸೆಪ್ಟೆಂಬರ್‌ನಲ್ಲಿ. ಹೆಸರುಕಾಳು ಬಿಡಿಸಿ, ಮಾರಿ, ಹಿಂಗಾರಿಗೆ ಹೊಲ ಹದ ಮಾಡುವ ಹೊತ್ತು. ಆಗ ನಲವತ್ತು ಪುಟ ಓದಲು ಪುರುಸೊತ್ತು ಯಾರಿಗಿದೆ? ಒಬ್ಬ ಹಿರಿಯ ಸದಸ್ಯರು ಕೌಂಟರಿನಲ್ಲಿ ನನಗೇ ಹೇಳಿದ್ದರು, "ಇಷ್ಟ ದಪ್ಪ ಪುಸ್ತಕ ತಗೊಂಡ ನಾ ಏನ್ ಮಾಡ್ಲಿ ತಮ್ಮಾ? ನನ್ನ ಷೇರಿಗೆ ಎಷ್ಟ ಬಂತು, ಅದನ್ನ ಎಲ್ಲಿ ಬರದೀರಿ ತೋರ್ಸು."

ಈಗ ವರದಿಯ ಮೊದಲ ಎರಡು ಎದುರುಬದುರು ಪುಟ ಅವರದು. ಎಡಗಡೆ ಡಿವಿಡೆಂಡ್, ಬಡ್ಡಿ ದರ, ಸಭೆಯ ದಿನ, ಜಾಗ. ಬಲಗಡೆ "ನೂರು ರೂಪಾಯಿಯ ಲೆಕ್ಕ". ಸಂಘಕ್ಕೆ ಬಂದ ಪ್ರತಿ ನೂರು ರೂಪಾಯಿಯಲ್ಲಿ ಠೇವಣಿದಾರರ ಬಡ್ಡಿಗೆ ಎಷ್ಟು ಹೋಯಿತು, ಸಂಬಳಕ್ಕೆ ಎಷ್ಟು, ಬಾಡಿಗೆ-ಕರೆಂಟಿಗೆ ಎಷ್ಟು, ಕಾಯ್ದಿಟ್ಟ ನಿಧಿಗೆ ಎಷ್ಟು. ದೊಡ್ಡ ಅಕ್ಷರ, ಜಾಸ್ತಿ ಬಿಳಿ ಜಾಗ. "ದುಡಿಯುವ ಬಂಡವಾಳ" ಅನ್ನುವಂಥ ಮಾತುಗಳಿಗೆ ಇಲ್ಲಿ ಜಾಗವಿಲ್ಲ. ಅವು ಹಿಂದಿನ ತಖ್ತೆಗಳಲ್ಲಿ ಇದ್ದೇ ಇರುತ್ತವೆ. ಕನ್ನಡಕ ಮರೆತು ಬಂದವರೂ ಓದುವಂತಿರಬೇಕು ಅಂತ ಈ ಎರಡು ಪುಟದ ಅಕ್ಷರ 16 ಪಾಯಿಂಟ್ ಇಡಿಸುತ್ತೇನೆ.

ಕೆಟ್ಟ ಸುದ್ದಿ ಬಂದಾಗ ಏನು ಮಾಡುವುದು? 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಸಾಲದ ಕಂತು ನಿಂತವು, ಸುಸ್ತಿ ಏರಿತು. ಅದನ್ನು ತಖ್ತೆಯ ಒಳಗೆ ಸಣ್ಣಗೆ ಬಿಟ್ಟು, ಮುಂದಿನ ಪುಟಗಳಲ್ಲಿ ಹೊಸ ಶಾಖೆಯ ಉದ್ಘಾಟನೆ ಫೋಟೋ ದೊಡ್ಡದಾಗಿ ಹಾಕೋಣ ಅನ್ನುವ ಮಾತು ಬಂತು. ನನ್ನ ವಾದ ಬೇರೆ ಇತ್ತು. ಯಾರ ಕಂತು ನಿಂತಿದೆ ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ನಾವು ಬರೆಯದಿದ್ದರೆ ಚಹಾದಂಗಡಿಯಲ್ಲಿ ಅದು ಎರಡು ಪಟ್ಟು ಆಗುತ್ತದೆ. ಕೊನೆಗೆ ಅಧ್ಯಕ್ಷರ ಹೆಸರಲ್ಲಿ ಅರ್ಧ ಪುಟದ ಪತ್ರ ಬರೆದೆವು. ಸುಸ್ತಿ ಎಷ್ಟಿತ್ತು, ಎಷ್ಟಾಯಿತು, ಯಾವ ಸಾಲಗಳಲ್ಲಿ ಜಾಸ್ತಿ, ವಸೂಲಿಗೆ ಏನು ಮಾಡುತ್ತಿದ್ದೇವೆ, ಠೇವಣಿ ವಾಪಸ್ ಕೊಡಲು ಕೈಯಲ್ಲಿ ಎಷ್ಟಿದೆ. ವಿಶೇಷಣಗಳೇ ಇಲ್ಲ, ಬರೀ ಅಂಕಿ. ಆ ಸಲದ ಸಭೆಯಲ್ಲಿ ಗಲಾಟೆ ಕಡಿಮೆ, ಪ್ರಶ್ನೆ ಜಾಸ್ತಿ. ನನಗೆ ಅದು ಸಾಕಾಗಿತ್ತು.

ಫೋಟೋ ವಿಚಾರ ಬಂದಿತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸಂಘದ ಪ್ರಕಟಣೆಯಲ್ಲಿ ಅತಿ ಹೆಚ್ಚು ಸಮಯ ತಿನ್ನುವುದು ಬರವಣಿಗೆಯೂ ಅಲ್ಲ, ಮುದ್ರಣವೂ ಅಲ್ಲ, ನಿರ್ದೇಶಕರ ಫೋಟೋಗಳು. ಯಾರದು ಮೇಲೆ, ಯಾರದು ಕೆಳಗೆ, ಯಾರದು ಹಳೆಯದು. "ನಂದ್ ಸ್ವಲ್ಪ ಸಣ್ಣದಾತಲ್ರಿ" ಅನ್ನುವ ಫೋನು ರಾತ್ರಿ ಹತ್ತಕ್ಕೂ ಬರುತ್ತದೆ. ಈಗ ಪ್ರತಿ ವರ್ಷ ಒಂದು ಸಭೆಯ ದಿನ ಎಲ್ಲರನ್ನೂ ಕಚೇರಿ ಮುಂದೆ ನಿಲ್ಲಿಸಿ ಒಂದೇ ಗುಂಪು ಫೋಟೋ ತೆಗೆಸುತ್ತೇವೆ. ಕೆಳಗೆ ಎಡದಿಂದ ಬಲಕ್ಕೆ ಹೆಸರು. ಉಳಿದ ಪುಟಗಳಲ್ಲಿ ಸದಸ್ಯರ ಫೋಟೋ ಹಾಕುತ್ತೇವೆ. ಮಗ್ಗದ ಮುಂದೆ ಕೂತ ನೇಕಾರರು, ಉಳ್ಳಾಗಡ್ಡಿ ರಾಶಿ ಹತ್ತಿರ ನಿಂತ ದಂಪತಿ. ಅವರನ್ನು ಕೇಳಿ, ಒಪ್ಪಿಗೆ ಬರೆಸಿಕೊಂಡೇ ಹಾಕುವುದು. ಸಾಲ ತಗೊಂಡವರು ಅನ್ನುವುದು ಅವರ ಖಾಸಗಿ ವಿಷಯ. ಕೆಲವರು "ಫೋಟೋ ಹಾಕ್ರಿ, ಸಾಲದ ಸುದ್ದಿ ಬ್ಯಾಡ್ರಿ" ಅನ್ನುತ್ತಾರೆ. ಹಾಗೇ ಮಾಡುತ್ತೇವೆ.

ಶಾಖೆಗಳಿಂದ ಫೋಟೋ ವಾಟ್ಸಾಪ್‌ನಲ್ಲಿ ಬರುತ್ತವೆ. ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ಮೊಬೈಲಿನಲ್ಲಿ ಚೆನ್ನಾಗಿ ಕಂಡದ್ದು ಅಚ್ಚಿನಲ್ಲಿ ಮಸುಕು. ಡಾಕ್ಯುಮೆಂಟ್ ಅಂತ ಕಳಿಸಿ ಎಂದು ಎಲ್ಲ ಶಾಖೆಗಳಿಗೂ ಹೇಳಿಟ್ಟಿದ್ದೇನೆ. ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಇರಬೇಕು.

ಕರಪತ್ರದಲ್ಲಿ ಕಾನೂನಿನ ಕಡೆ ಜಾಸ್ತಿ ಗಮನ ಬೇಕು. ನಮ್ಮಂಥ ಸಂಘಗಳು ಹೆಸರಿನಲ್ಲಿ "ಬ್ಯಾಂಕ್" ಅನ್ನುವ ಪದ ಬಳಸುವಂತಿಲ್ಲ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ತಂದ ತಿದ್ದುಪಡಿ 2020ರ ಸೆಪ್ಟೆಂಬರ್ 29ರಿಂದ ಜಾರಿಯಲ್ಲಿದೆ. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಸಾರ್ವಜನಿಕರಿಗೂ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಊರಲ್ಲಿ ಎಲ್ಲರೂ "ಬ್ಯಾಂಕಿಗೆ ಹೋಗಿ ಬರ್ತೀನಿ" ಅಂತಲೇ ನಮ್ಮ ಕಚೇರಿಗೆ ಬರುತ್ತಾರೆ, ಅದು ಬೇರೆ ಮಾತು. ನಾವು ಅಚ್ಚು ಹಾಕುವುದರಲ್ಲಿ ಆ ಪದ ಎಲ್ಲೂ ಇರಬಾರದು ಅಂತ ಇಟ್ಟುಕೊಂಡಿದ್ದೇನೆ. ಇನ್ನೊಂದು, ಬ್ಯಾಂಕ್ ಠೇವಣಿಗೆ ಸಿಗುವ 5 ಲಕ್ಷ ರೂಪಾಯಿವರೆಗಿನ ವಿಮೆ ನಮ್ಮ ಠೇವಣಿಗೆ ಇಲ್ಲ. ಹಾಗಿರುವಾಗ "ನಿಮ್ಮ ಹಣ ನೂರಕ್ಕೆ ನೂರು ಸುರಕ್ಷಿತ" ಅಂತ ಬರೆಯಲು ನನ್ನ ಕೈ ಏಳುವುದಿಲ್ಲ. ಬಡ್ಡಿ ದರದ ಕೆಳಗೆ ಯಾವ ತಾರೀಕಿನಿಂದ ಅನ್ವಯ ಅಂತ ಇರಲೇಬೇಕು, "ಸದಸ್ಯರಿಗೆ ಮಾತ್ರ" ಅನ್ನುವುದೂ ಇರಬೇಕು.

ಸುದ್ದಿಪತ್ರಕ್ಕೂ ಒಂದು ಮಿತಿ ಹಾಕಿಕೊಂಡಿದ್ದೇವೆ. ಸಾರ್ವಜನಿಕ ಸುದ್ದಿ, ಅದರ ಮೇಲೆ ಟಿಪ್ಪಣಿ ಎಲ್ಲ ಹಾಕಿ ನಿಯಮಿತವಾಗಿ ಹೊರತಂದರೆ ಅದು ಪತ್ರಿಕೆಯಾಗುತ್ತದೆ, 2024ರ ಮಾರ್ಚ್ 1ರಿಂದ ಜಾರಿಯಾದ ಹೊಸ ಕಾಯ್ದೆಯಂತೆ ನೋಂದಣಿ ಬೇಕಾಗುತ್ತದೆ. ನಮ್ಮದರಲ್ಲಿ ಸಂಘದ ವಿಷಯ ಬಿಟ್ಟು ಬೇರೇನೂ ಇರುವುದಿಲ್ಲ. "ಖಾಸಗಿ ಪ್ರಸಾರಕ್ಕೆ ಮಾತ್ರ" ಅಂತ ಹಾಕುತ್ತೇವೆ, ಬೆಲೆ ಇಡುವುದಿಲ್ಲ.

ಈಗ ಪುಟ ಮತ್ತು ದುಡ್ಡಿನ ಲೆಕ್ಕ. ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟ ನಾಲ್ಕರ ಗುಣಕದಲ್ಲಿರಬೇಕು. ಪ್ರೆಸ್ಸಿನವರಿಗೆ ಅನುಕೂಲ 8 ಅಥವಾ 16 ಪುಟದ ಫಾರ್ಮು, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಗುಂಪು. 32 ಪುಟ ಅಂದರೆ 16ರ ಎರಡು ಫಾರ್ಮು, ಚೊಕ್ಕ. 36 ಮಾಡಿದರೆ ಆ ನಾಲ್ಕು ಪುಟಕ್ಕೇ ಬೇರೆ ಪ್ಲೇಟು (ಅಚ್ಚು ಮೂಡಿಸುವ ಲೋಹದ ತಗಡು), ಮತ್ತೆ ಮಷೀನಿಗೆ ಹಾಕುವುದು. ನಾಲ್ಕು ಬಣ್ಣ ಅಂದರೆ ಪ್ರತಿ ಬದಿಗೆ ನಾಲ್ಕು ಪ್ಲೇಟು. "ಶುಭಾಶಯ ಸಂದೇಶ ಇನ್ನೊಂದು ಪುಟ ಇರಲಿ" ಅನ್ನುವವರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ, ಬೇರೆ ವಾದ ಬೇಕಾಗುವುದಿಲ್ಲ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ನೂರು ಪ್ರತಿಗೂ ಅಷ್ಟೇ, ಐದು ಸಾವಿರಕ್ಕೂ ಅಷ್ಟೇ. ಹಾಗಾಗಿ ಪ್ರತಿ ಹೆಚ್ಚಿದಂತೆ ಒಂದೊಂದರ ಬೆಲೆ ಇಳಿಯುತ್ತದೆ. ಕೆಲವೇ ನೂರು ಪ್ರತಿ ಬೇಕಾದ ಕರಪತ್ರವನ್ನು ಡಿಜಿಟಲ್‌ನಲ್ಲೇ ಮಾಡಿಸುವುದು ವಾಸಿ. ವರದಿಯ ಒಳಪುಟಕ್ಕೆ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ, ಅಂದರೆ ಹೊಳಪಿಲ್ಲದ ಸಾದಾ ಕಾಗದ, ಸಾಕು. ಹೊಳೆಯುವ ಆರ್ಟ್ ಪೇಪರಿನ ಮೇಲೆ ಪೆನ್ನು ಸರಿಯಾಗಿ ಮೂಡುವುದಿಲ್ಲ, ಸಭೆಯಲ್ಲಿ ಜನ ಅಂಕಿ ಪಕ್ಕದಲ್ಲೇ ಬರೆದುಕೊಳ್ಳುತ್ತಾರೆ.

ಕೆಲಸ ಹಂಚುವುದನ್ನು ಸಭೆಯ ದಿನದಿಂದ ಹಿಂದಕ್ಕೆ ಎಣಿಸುತ್ತೇನೆ. ವರ್ಷದ ಲೆಕ್ಕ ಮಾರ್ಚ್ 31ಕ್ಕೆ ಮುಗಿದರೂ ಆಡಿಟ್ ಆದ ಅಂಕಿ ಕೈಗೆ ಬರುವುದು ತಡ. ಅಂಕಿಗೆ ಕಾಯುತ್ತಾ ಕೂತರೆ ಎಲ್ಲವೂ ಕೊನೆಗೆ ಒಟ್ಟಿಗೆ ಮೈಮೇಲೆ ಬೀಳುತ್ತದೆ. ಅದಕ್ಕೇ ಪತ್ರ, ಫೋಟೋ, ಸದಸ್ಯರ ಕಥೆ, ಮುಖಪುಟ ಎಲ್ಲ ಜುಲೈ ಹೊತ್ತಿಗೆ ಮುಗಿಸಿ, ತಖ್ತೆಗಳ ಜಾಗ ಮಾತ್ರ ಖಾಲಿ ಬಿಟ್ಟಿರುತ್ತೇನೆ. ಬಿಳಿ ಹಾಳೆ ಮಡಚಿ ಒಂದು ಡಮ್ಮಿ ಮಾಡಿ, ಯಾವ ಪುಟದಲ್ಲಿ ಏನು ಅಂತ ಪೆನ್ಸಿಲ್‌ನಲ್ಲಿ ಬರೆದು ಅಧ್ಯಕ್ಷರಿಗೂ ಮುಖ್ಯ ಕಾರ್ಯನಿರ್ವಾಹಕರಿಗೂ ತೋರಿಸಿ ಸಹಿ ಹಾಕಿಸುತ್ತೇನೆ. ಆಮೇಲೆ ತಿದ್ದುಪಡಿಗೆ ಒಂದೇ ಪ್ರಿಂಟ್ ಪ್ರತಿ ಎಲ್ಲರ ಕೈಗೂ ಸುತ್ತುತ್ತದೆ. ಪಿಡಿಎಫ್ ಎಲ್ಲರಿಗೂ ಕಳಿಸಿದರೆ ಒಬ್ಬರು ತೆಗೆದದ್ದನ್ನು ಇನ್ನೊಬ್ಬರು ಸೇರಿಸುತ್ತಾರೆ.

ಕನ್ನಡ ಅಕ್ಷರದ್ದು ಬೇರೆಯೇ ಪಾಡು. ಶಾಖೆಯವರು ಮೊಬೈಲಿನಲ್ಲಿ ಟೈಪ್ ಮಾಡುವುದು ಯುನಿಕೋಡ್, ಅಂದರೆ ಎಲ್ಲ ಮೊಬೈಲು-ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ. ಹಲವು ಪ್ರೆಸ್ಸುಗಳಲ್ಲಿ ಡಿಟಿಪಿಯವರು ಇನ್ನೂ ಯುನಿಕೋಡ್ ಅಲ್ಲದ ಹಳೇ "ನುಡಿ" ಫಾಂಟಿನಲ್ಲೇ ಕೆಲಸ ಮಾಡುತ್ತಾರೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಕಳಚುತ್ತದೆ, ನಡುವೆ ಬಂದ ಇಂಗ್ಲಿಷ್ ಪದ ಗೋಜಲಾಗುತ್ತದೆ. ಬದಲಿಸಿದ ಮೇಲೆ ಮೊದಲು "ರ್ಥ", "ರ್ಯ", "ರ್ವ" ಬರುವ ಪದಗಳನ್ನು ನೋಡುತ್ತೇನೆ. "ಕಾರ್ಯದರ್ಶಿ" ಸರಿ ಬಂದಿದ್ದರೆ ಅರ್ಧ ಗೆದ್ದಂತೆ. ಪ್ರೆಸ್ಸಿಗೆ ಹೋಗುವ ಪಿಡಿಎಫ್‌ನಲ್ಲಿ ಫಾಂಟ್ ಸೇರಿಸಿರಬೇಕು. ಅಕ್ಷರ ಬರೀ ಕಪ್ಪು ಪ್ಲೇಟಿನಲ್ಲೇ ಇರಬೇಕು. ನಾಲ್ಕೂ ಬಣ್ಣ ಸೇರಿ ಆದ ಕಪ್ಪಾದರೆ ಪ್ಲೇಟ್ ಕೂದಲೆಳೆ ಸರಿದರೂ ಸಣ್ಣ ಒತ್ತುಗಳು ಓದಲಾಗದಂತೆ ಕದಡುತ್ತವೆ.

ಅಂಕಿಗಳ ಪ್ರೂಫ್ ಒಬ್ಬರೇ ನೋಡುವುದು ನಮ್ಮಲ್ಲಿ ನಿಷಿದ್ಧ. ಅಕೌಂಟೆಂಟ್ ಮೂಲ ತಖ್ತೆ ಹಿಡಿದು ಜೋರಾಗಿ ಓದುತ್ತಾರೆ, ನಾನು ಪ್ರೂಫಿನ ಮೇಲೆ ಬೆರಳಿಟ್ಟು ಹೋಗುತ್ತೇನೆ. ಆಮೇಲೆ ಪ್ರೂಫಿನಲ್ಲಿರುವ ಅಂಕಿಗಳನ್ನೇ ಕ್ಯಾಲ್ಕ್ಯುಲೇಟರಿನಲ್ಲಿ ಕೂಡಿ ಮೊತ್ತ ನೋಡುತ್ತೇವೆ. ಫೋನ್ ನಂಬರುಗಳನ್ನು ಓದುವುದಿಲ್ಲ, ಡಯಲ್ ಮಾಡುತ್ತೇನೆ.

ಅಚ್ಚಿನ ದಿನ ಪ್ರೆಸ್ಸಿನಲ್ಲಿ ಇರುತ್ತೇನೆ. ಬಣ್ಣ ಹೊಂದಿದ ಮೇಲೆ ಬರುವ ಮೊದಲ ಒಳ್ಳೆಯ ಹಾಳೆಗೆ ಸಹಿ ಹಾಕಿ ಮಷೀನಿನವರ ಎದುರು ಇಡುವುದು, ಉಳಿದದ್ದು ಅದರಂತೆ ಬರಬೇಕು. ನಾನು ನೋಡುವುದು ಜನರ ಮುಖದ ಬಣ್ಣ. ನಮ್ಮ ಬಿಸಿಲಿನಲ್ಲಿ ದುಡಿದವರ ಮುಖ ಅಚ್ಚಿನಲ್ಲಿ ಬೇಗ ಕಪ್ಪಾಗುತ್ತದೆ ಅಥವಾ ಕೆಂಪಗಾಗುತ್ತದೆ. ಶಾಲೆ ಶುರುವಾಗುವ ಹೊತ್ತು ಮತ್ತು ವರ್ಷದ ಕೊನೆಯ ಕ್ಯಾಲೆಂಡರ್ ಹೊತ್ತಿನಲ್ಲಿ ಪ್ರೆಸ್ಸಿನವರಿಗೆ ಉಸಿರಾಡಲೂ ಬಿಡುವಿಲ್ಲ. ಆಗ ಹೋಗಿ ಅವಸರ ಮಾಡಿದರೆ ಕೆಲಸ ಕೆಡುತ್ತದೆ.

ನಿಜ ಹೇಳಬೇಕಂದರೆ, ನಮ್ಮ ಪ್ರಕಟಣೆಗಳಲ್ಲಿ ಅತಿ ಹೆಚ್ಚು ಓದುವುದು ಕ್ಯಾಲೆಂಡರ್. ಅದಕ್ಕೆ ದೇವರ ಚಿತ್ರವೋ ಕಪ್ಪತಗುಡ್ಡದ ಫೋಟೋವೋ ಅನ್ನುವ ಚರ್ಚೆ ಪ್ರತಿ ವರ್ಷ ನಡೆಯುತ್ತದೆ. ನನಗೆ ಚಿತ್ರಕ್ಕಿಂತ ಕೆಳಗಿನ ಚೌಕಗಳು ಮುಖ್ಯ. ಹಾಲಿನ ಲೆಕ್ಕ ಬರೆಯುವಷ್ಟು ದೊಡ್ಡದಿರಬೇಕು. ಅಮಾವಾಸ್ಯೆ, ಹುಣ್ಣಿಮೆ, ಸುತ್ತಲಿನ ಜಾತ್ರೆಗಳು, ಸಂಘದ ರಜೆ, ಸಾಲದ ಕಂತಿನ ಕೊನೆಯ ದಿನ ಎಲ್ಲ ಇರಬೇಕು. ಕಂತಿನ ದಿನಕ್ಕೆ ಬೇರೆ ಬಣ್ಣ ಕೊಟ್ಟಿದ್ದೇವೆ. ನೆನಪಿಸಲು ಪತ್ರ ಬರೆಯುವ ಖರ್ಚು ಇದರಿಂದ ಸ್ವಲ್ಪ ಉಳಿದಿದೆ.

ಹಂಚುವುದಕ್ಕೆ ಪಿಗ್ಮಿ ಏಜೆಂಟರಿಗಿಂತ, ಅಂದರೆ ದಿನಾ ಸಣ್ಣ ಉಳಿತಾಯದ ಹಣ ಸಂಗ್ರಹಿಸುವವರಿಗಿಂತ, ಒಳ್ಳೆಯ ದಾರಿ ಇಲ್ಲ. ಅವರು ದಿನಾ ಅಂಗಡಿ ಅಂಗಡಿಗೆ ಹೋಗುತ್ತಾರೆ, ಯಾರ ಮನೆಯಲ್ಲಿ ಓದುವವರು ಯಾರು ಅಂತಲೂ ಅವರಿಗೆ ಗೊತ್ತು. ಸದಸ್ಯರ ಸಂಖ್ಯೆಗೆ ಅಚ್ಚು ಹಾಕಿಸುವುದನ್ನು ಬಿಟ್ಟು ಮನೆಗೊಂದು ಅಂತ ಮಾಡಿದ್ದು ಅವರ ಸಲಹೆಯಿಂದಲೇ. ವಾಟ್ಸಾಪ್‌ಗೆ ವರದಿಯ ಪಿಡಿಎಫ್ ಕಳಿಸುವುದಿಲ್ಲ. ಎ4 ಪುಟ ಮೊಬೈಲಿನಲ್ಲಿ ಓದಲಾಗದು. "ನೂರು ರೂಪಾಯಿಯ ಲೆಕ್ಕ"ವನ್ನು ಉದ್ದನೆಯ ಒಂದೇ ಚಿತ್ರ ಮಾಡಿ ಕಳಿಸುತ್ತೇವೆ, ಅದು ಊರೂರು ಸುತ್ತುತ್ತದೆ. ಸಭೆ ಮುಗಿದ ಮರುವಾರ ಪ್ರತಿ ಶಾಖೆಯಲ್ಲಿ ಉಳಿದ ಪ್ರತಿ ಎಣಿಸಿ ಬರೆದಿಡುತ್ತೇನೆ. ಮುಂದಿನ ವರ್ಷದ ಆರ್ಡರ್ ಆ ಚೀಟಿ ನೋಡಿಯೇ ಕೊಡುವುದು. ಎರಡು ಶಾಖೆಗಳಿಗೆ ಈಗ ಮೊದಲಿನ ಅರ್ಧದಷ್ಟೇ ಕಳಿಸುತ್ತೇವೆ, ಯಾರೂ ಸಾಲದು ಅಂದಿಲ್ಲ.