ಒಂದೂ ಹ್ಯಾಶ್ ಬದಲಾಗದೆ ಹಳೆ ಇತಿಹಾಸ ಜೋಡಿಸಿದ್ದು: ಗಿಟ್ ರಿಪ್ಲೇಸ್, ನನ್ನ ಅನುಭವ

ಗಿಟ್ ಅಂದರೆ ಕೋಡ್‌ನ ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಧನ. ಅದರ ರಿಪ್ಲೇಸ್ ಆಜ್ಞೆ ಮೂಲವನ್ನು ಮುಟ್ಟದೆ ಒಂದು ದಾಖಲೆಯ ಜಾಗದಲ್ಲಿ ಇನ್ನೊಂದನ್ನು ತೋರಿಸುತ್ತದೆ. ಗಿಟ್ ರಿಪ್ಲೇಸ್ ಅಂದ ಕೂಡಲೇ "ಅದೆಲ್ಲ ಆಟಕ್ಕೆ ಸರಿ, ಕೆಲಸಕ್ಕಾಗಲ್ಲ" ಅಂದವರೇ ಜಾಸ್ತಿ. ಈಗ ನಮ್ಮ ರಿಪೋದಲ್ಲಿ (ಕೋಡ್ ಭಂಡಾರದಲ್ಲಿ) ಬ್ಲೇಮ್ ಹಾಕಿದರೆ, ಅಂದರೆ ಯಾವ ಸಾಲು ಯಾರು ಬರೆದದ್ದು ಅಂತ ಕೇಳಿದರೆ, ಗಿಟ್‌ಗೆ ಮುಂಚೆ ಬಳಸುತ್ತಿದ್ದ ಎಸ್‌ವಿಎನ್ ಕಾಲದ ಸಾಲೂ ಬರೆದವರ ಹೆಸರಿನ ಸಮೇತ ಬರುತ್ತದೆ. ಒಂದು ಕಮಿಟ್‌ನ (ದಾಖಲಾದ ಬದಲಾವಣೆಯ) ಹ್ಯಾಶ್, ಅಂದರೆ ಗುರುತಿನ ಸಂಖ್ಯೆ ಕೂಡ ಬದಲಾಗಿಲ್ಲ.

ತಂಡ ಗಿಟ್‌ಗೆ ಬಂದಾಗ ಇತಿಹಾಸ ತಂದಿರಲಿಲ್ಲ. ವಿಂಡೋಸ್ ಮಷಿನ್‌ನಲ್ಲಿದ್ದ ವರ್ಕಿಂಗ್ ಕಾಪಿಯನ್ನು ಹಾಗೇ ಮೊದಲ ಕಮಿಟ್ ಮಾಡಿಬಿಟ್ಟಿದ್ದರು. ಹಳೆಯದನ್ನು ನೋಡಲೆಂದೇ ಎಸ್‌ವಿಎನ್ ಸರ್ವರ್ ಇಟ್ಟುಕೊಂಡಿದ್ದೆವು. ಬಾಡಿಗೆ ತಿಂಗಳಿಗೆ ಆರೇಳು ಸಾವಿರ. ವರ್ಷಕ್ಕೆ ಸುಮಾರು 80,000 ರೂಪಾಯಿ ಸುಮ್ನೆ ಹೋಗುತ್ತಿತ್ತು.

ಹೊರಗಿನವರೊಬ್ಬರು ಹಳೆ ಇತಿಹಾಸ ಸೇರಿಸಿ ಇಡೀ ರಿಪೋ ಮತ್ತೆ ಬರೆದುಕೊಡಲು 2 ಲಕ್ಷದ ಹತ್ತಿರ ಕೇಳಿದರು. ಹಣ ಬಿಡಿ, ಹಾಗೆ ಮಾಡಿದರೆ ಎಲ್ಲ ಹ್ಯಾಶೂ ಬದಲಾಗುತ್ತದೆ. ನಮ್ಮ ಟಿಕೆಟ್‌ಗಳು, ರಿಲೀಸ್ ದಾಖಲೆಗಳು, ಸಹಿ ಹಾಕಿದ ಟ್ಯಾಗ್‌ಗಳು ನಿಂತಿರುವುದೇ ಅದರ ಮೇಲೆ. ಕಮಿಟ್‌ಗೆ ಬೇರೆ ಪೇರೆಂಟ್ (ಹಿಂದಿನ ಕಮಿಟ್) ತೋರಿಸುವ ಹಳೆ ವಿಧಾನವಾದ ಗ್ರಾಫ್ಟ್ಸ್ ಫೈಲ್ ಒಬ್ಬರ ಮಷಿನ್‌ಗೆ ಮಾತ್ರ, ಪುಶ್ ಮಾಡಲು ಬರುವುದಿಲ್ಲ. ರಿಪ್ಲೇಸ್ ಹಾಗಲ್ಲ. 2009ರಲ್ಲಿ ಗಿಟ್ 1.6.5ರ ಜೊತೆ ಬಂದದ್ದು, ಇರುವುದು ರೆಫ್ (ರಿಪೋದೊಳಗಿನ ಹೆಸರು-ಗುರುತು) ಆಗಿ. ಹಾಗಾಗಿ ಹಂಚಬಹುದು.

ಎಸ್‌ವಿಎನ್ ಇತಿಹಾಸವನ್ನು ಗಿಟ್‌ಗೆ ತರುವ ಗಿಟ್-ಎಸ್‌ವಿಎನ್ ಇಂಪೋರ್ಟ್ ಅರ್ಧದಲ್ಲೇ ನಿಲ್ಲುತ್ತಿತ್ತು. 30 ಸಾವಿರದಷ್ಟು ರಿವಿಷನ್. ನಡುವೆ ಯಾರೋ ಮುಖ್ಯ ಕೋಡ್ ಇರುವ ಟ್ರಂಕ್ ಫೋಲ್ಡರನ್ನೇ ಬೇರೆ ಕಡೆ ಸರಿಸಿದ್ದರು. ಎರಡು ತುಂಡಾಗಿ ತಂದು, ಆ ತುಂಡುಗಳನ್ನೂ ರಿಪ್ಲೇಸ್‌ನಿಂದಲೇ ಜೋಡಿಸಿದೆ. ಆಮೇಲೆ ನಮ್ಮ ಮೊದಲ ಕಮಿಟ್‌ಗೆ ಹಳೆಯದರ ಕೊನೆಯ ಕಮಿಟ್ ಅನ್ನು ಪೇರೆಂಟ್ ಮಾಡಿ ರಿಪ್ಲೇಸ್‌ನ ಗ್ರಾಫ್ಟ್ ಆಪ್ಷನ್ ಕೊಟ್ಟೆ. ಲಾಗ್ (ಕಮಿಟ್‌ಗಳ ಪಟ್ಟಿ) ಸೊಗಸಾಗಿ ಬಂತು. ಬ್ಲೇಮ್ ಮಾತ್ರ ಆ ಮೊದಲ ಕಮಿಟ್ ದಾಟಲೇ ಇಲ್ಲ. "ನೋಡಿದ್ರಾ, ಹೇಳಿರಲಿಲ್ವಾ?" ಅಂದರು ಪಕ್ಕದವರು.

ಕಾರಣ ಸಾಲಿನ ಕೊನೆ. ವಿಂಡೋಸ್ ಕಾಪಿಯಲ್ಲಿ ಪ್ರತಿ ಸಾಲಿನ ಕೊನೆಗೆ ಸಿಆರ್‌ಎಲ್‌ಎಫ್ ಅನ್ನುವ ಕಣ್ಣಿಗೆ ಕಾಣದ ಎರಡು ಅಕ್ಷರ ಇತ್ತು, ಇಂಪೋರ್ಟ್‌ನಲ್ಲಿ ಬರೀ ಎಲ್‌ಎಫ್ ಒಂದೇ. ಗಿಟ್ ಕಣ್ಣಿಗೆ ಎಲ್ಲ ಸಾಲೂ ಹೊಸದು. ದಿನಾಂಕ, ರಿವಿಷನ್ ಸಂಖ್ಯೆಯಂಥದ್ದನ್ನು ಎಸ್‌ವಿಎನ್ ತಾನೇ ತುಂಬುವ ಕೀವರ್ಡ್‌ಗಳೂ ಕಾಪಿಯಲ್ಲಿ ಬಿಡಿಸಿದ ರೂಪದಲ್ಲಿದ್ದವು. ವೈಟ್‌ಸ್ಪೇಸ್ (ಖಾಲಿ ಜಾಗದ) ವ್ಯತ್ಯಾಸ ಲೆಕ್ಕಕ್ಕೆ ಬಿಡುವ ಆಪ್ಷನ್ ಕೊಟ್ಟರೆ ಬ್ಲೇಮ್ ಬರುತ್ತಿತ್ತು, ಆದರೆ ಹುಡುಗರು ಬಳಸುವ ಎಡಿಟರ್ ಆ ಆಪ್ಷನ್ ಕೊಡುವುದಿಲ್ಲ. ಇಲ್ಲಿ ಹೊಳೆದದ್ದು ಇಷ್ಟು: ಹಳೆ ಕಡೆಯ ಹ್ಯಾಶ್‌ಗಳನ್ನು ಇನ್ನೂ ಯಾರೂ ಎಲ್ಲೂ ಬರೆದುಕೊಂಡಿಲ್ಲ. ಅದನ್ನು ಬೇಕಾದಷ್ಟು ಸಲ ಮತ್ತೆ ಬರೆಯಬಹುದು! ಇತಿಹಾಸ ಮತ್ತೆ ಬರೆಯುವ ಫಿಲ್ಟರ್-ರಿಪೋ ಸಾಧನ ಓಡಿಸಿ ಹಳೆಯದನ್ನೇ ಹೊಸದಕ್ಕೆ ಹೊಂದಿಸಿದೆ. ಯಾವ ಫೈಲ್ ಯಾವ ರಿವಿಷನ್‌ನಿಂದ ಬದಲಿಸಬೇಕು ಅನ್ನುವುದನ್ನು ಕಂಡುಹಿಡಿದ ಸ್ಕ್ರಿಪ್ಟ್ ಮಾತ್ರ ಇಲ್ಲಿ ಕೊಡುವುದಿಲ್ಲ, ಅದು ನನ್ನ ಬಂಡವಾಳ. ಎರಡು ತುದಿಗಳ ನಡುವೆ ಡಿಫ್ (ವ್ಯತ್ಯಾಸ) ಖಾಲಿ ಬಂದ ದಿನ ಪಕ್ಕದವರನ್ನು ಕರೆದು ತೋರಿಸಿದೆ.

ಈ ಮಧ್ಯೆ ಲಿನಕ್ಸ್ ಕರ್ನಲ್ ಮೇಲೂ ಕೈ ಆಡಿಸಿದೆ. 2005ರ ಏಪ್ರಿಲ್‌ನ ಅದರ ಮೊದಲ ಗಿಟ್ ಕಮಿಟ್‌ನಲ್ಲೇ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಬರೆದಿದ್ದಾರೆ: ಹಳೆಯದನ್ನು ತಂದರೆ 3.2 ಜಿಬಿ ಆಗುತ್ತದೆ, ಅದಕ್ಕೇ ಬಿಟ್ಟಿದ್ದೇನೆ ಅಂತ. ಗಿಟ್‌ಗೆ ಮುಂಚೆ ಕರ್ನಲ್‌ಗೆ ಬಳಸಿದ ಬಿಟ್‌ಕೀಪರ್ ಕಾಲದ ಇತಿಹಾಸ ಬೇರೆ ರಿಪೋದಲ್ಲಿ ಸಿಗುತ್ತದೆ. ಅದನ್ನೂ ಇದೇ ರೀತಿ ಜೋಡಿಸಿದೆ, ಬ್ಲೇಮ್ 2002ರವರೆಗೆ ಹೋಯಿತು. ದೊಡ್ಡ ವಿಡಿಯೋ ಬ್ಲಾಬ್ (ಗಿಟ್ ಉಳಿಸಿಟ್ಟ ಫೈಲ್) ಒಂದರ ಜಾಗದಲ್ಲಿ ಚಿಕ್ಕ ಫೈಲ್ ಇಟ್ಟೂ ನೋಡಿದೆ. ಪ್ರಯೋಜನವಿಲ್ಲ. ಅಸಲಿ ಆಬ್ಜೆಕ್ಟ್ ಡಿಸ್ಕ್‌ನಲ್ಲೇ ಇರುತ್ತದೆ, ಸ್ಟೇಟಸ್ ಬೇರೆ ಗೊಂದಲ ಮಾಡುತ್ತದೆ. ಕಮಿಟ್‌ಗೆ ಮಾತ್ರ ಬಳಸಿ. ಲೀಕ್ ಆದ ಪಾಸ್‌ವರ್ಡ್ ಮುಚ್ಚಲಂತೂ ಬಳಸಲೇಬೇಡಿ.

ಸಾಮಾನ್ಯ ಕ್ಲೋನ್‌ನಲ್ಲಿ (ರಿಪೋದ ನಕಲಿನಲ್ಲಿ) ರಿಪ್ಲೇಸ್ ರೆಫ್ ಬರುವುದಿಲ್ಲ. ಬೇಕಾದವರು ಕಾನ್ಫಿಗ್‌ನಲ್ಲಿ ಒಂದು ರೆಫ್‌ಸ್ಪೆಕ್ (ಯಾವ ರೆಫ್ ತರಬೇಕು ಅನ್ನುವ ಸಾಲು) ಸೇರಿಸಿದರೆ ಸಾಕು, ಹಳೆ ಇತಿಹಾಸವೂ ಅದರ ಹಿಂದೆಯೇ ಬರುತ್ತದೆ. ನಮ್ಮಲ್ಲಿ ಅದು 2 ಜಿಬಿಗಿಂತ ಸ್ವಲ್ಪ ಕಡಿಮೆ. ಕೋಡ್‌ನಿಂದ ಪ್ರೋಗ್ರಾಮ್ ತಯಾರಿಸುವ ಬಿಲ್ಡ್ ಮಷಿನ್‌ಗಳು ಮಿರರ್ ಕ್ಲೋನ್ ಮಾಡುತ್ತಿದ್ದವು. ಮಿರರ್ ಅಂದರೆ ಎಲ್ಲ ರೆಫ್‌ಗಳೂ ಬರುತ್ತವೆ ಅಲ್ವಾ? ಹಳೆ ಇತಿಹಾಸವೂ ಇಳಿದು ಆ ತಿಂಗಳ ಬಿಲ್ ನಾಲ್ಕೈದು ಸಾವಿರ ಏರಿತು. ಅಲ್ಲಿ ಮಾಮೂಲಿ ಕ್ಲೋನ್‌ಗೆ ಬದಲಿಸಿದ ಮೇಲೆ ಇಳಿಯಿತು. ರಿಪ್ಲೇಸ್ ರೆಫ್ ಇದ್ದರೆ ಲಾಗ್‌ನ ವೇಗ ಹೆಚ್ಚಿಸುವ ಕಮಿಟ್-ಗ್ರಾಫ್ ಫೈಲ್ ಕೆಲಸ ಮಾಡುವುದಿಲ್ಲ, ಹಾಗಾಗಿ ಲಾಗ್ ಸ್ವಲ್ಪ ನಿಧಾನ. ನಮ್ಮ ಗಾತ್ರಕ್ಕೆ ಅದು ತೊಂದರೆಯಲ್ಲ. ಎಸ್‌ವಿಎನ್ ಸರ್ವರ್ ಬಂದ್ ಮಾಡಿದ್ದೇವೆ, ಡಂಪ್ ಮಾತ್ರ ಒಂದು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟಿದ್ದೇನೆ.