ಗಟ್ಟಿಯಾದ ಕಾರ್ಪೋರಾದಲ್ಲಿ ಇಂಪ್ಲಾಂಟ್: ನನ್ನ ಅನುಭವ

ಪ್ರಯಾಪಿಸಮ್ (ಗಂಟೆಗಟ್ಟಲೆ ಇಳಿಯದ ನಿಮಿರುವಿಕೆ) ಆಗಿ ನಾಚ್ಕೊಂಡು ಎರಡು ದಿನ ಮನೇಲೇ ಕೂತು ಆಮೇಲೆ ಬಂದೋರ ಕಾರ್ಪೋರಾ, ಅಂದ್ರೆ ಶಿಶ್ನದೊಳಗೆ ರಕ್ತ ತುಂಬೋ ಎರಡು ಕೊಳವೆ, ಗಾಯ ಮಾಗಿ ಗಟ್ಟಿಯಾಗಿರುತ್ತೆ, ಸಣ್ಣ ಹೆಗರ್ (ದಾರಿ ಅಗಲಿಸೋ ಲೋಹದ ಕಡ್ಡಿ) ಕೂಡ ಒಳಗೆ ಹೋಗಲ್ಲ. ಚಾಮರಾಜನಗರದ ಹಾಡಿಗಳಿಂದ ಸಿಕಲ್ ಸೆಲ್, ಅಂದ್ರೆ ಇದಕ್ಕೆ ಕಾರಣವಾಗೋ ರಕ್ತದ ಕಾಯಿಲೆ ಇರೋ ಹುಡುಗರು ಹೀಗೇ ಲೇಟಾಗಿ ಬರ್ತಾರೆ. ಇಂಥೋರಿಗೆ ಇಂಪ್ಲಾಂಟ್ (ನಿಮಿರುವಿಕೆಗೆ ಕಾರ್ಪೋರಾ ಒಳಗೆ ಕೂರಿಸೋ ಸಿಲಿಂಡರ್ ಜೋಡಿ) ಹಾಕೋಕೆ ಹೋಗ್ಬೇಡ, ಕೈ ಸುಟ್ಕೋತೀಯ ಅಂತಿದ್ರು ಸೀನಿಯರ್‌ಗಳು. ಈಗ ಹಾಕ್ತಿದೀನಿ, ನಿಲ್ತಿದೆ.

ಶುರುವಲ್ಲಿ ಎಲ್ರ ಹಾಗೆ ಪೀನೋಸ್ಕ್ರೋಟಲ್ (ಶಿಶ್ನ, ವೃಷಣಚೀಲ ಸೇರೋ ಕಡೆ) ಇನ್ಸಿಶನ್ ಒಂದೇ ಹಾಕಿ ಅಲ್ಲಿಂದ ತುದಿವರೆಗೂ ಕುರುಡಾಗಿ ನುಗ್ಗಿಸ್ತಿದ್ದೆ. ದುಬಾರಿ ಕ್ಯಾವರ್ನೋಟೋಮ್ (ಕಾರ್ಪೋರಾ ಕೊರೆಯೋ ಸಾಧನ) ಬೇರೆ ತರಿಸ್ದೆ. ಗಾಯದ ಗಂಟು ಎದುರಾದ್ರೆ ಅದು ಪಕ್ಕಕ್ಕೆ ಜಾರುತ್ತೆ, ಯುರೇತ್ರಾ (ಮೂತ್ರನಾಳ) ತೂತು! ಕ್ಯಾಥೆಟರ್ ಇಟ್ಟು ಮುಚ್ಚಿ ತಿಂಗಳುಗಟ್ಟಲೆ ಕಾಯ್ಬೇಕು, ಓಟಿ ಖರ್ಚು ಮತ್ತೆ ಮೊದಲಿಂದ, ಕೂಲಿ ಮಾಡೋರು ಎಲ್ಲಿಂದ ತರ್ತಾರೆ?

ಈಗ ಸಬ್‌ಕೊರೋನಲ್ಲಾಗಿ (ಶಿಶ್ನದ ತಲೆಯ ಕೆಳಗೆ) ಇನ್ನೊಂದು ಇನ್ಸಿಶನ್ ಹಾಕ್ತೀನಿ, ಟ್ಯೂನಿಕಾ ಅನ್ನೋ ಕಾರ್ಪೋರಾದ ಹೊದಿಕೆನ ಉದ್ದಕ್ಕೆ ಬಿಡಿಸಿ ಮೆಟ್ಜೆನ್‌ಬಾಮ್ ಕತ್ತರೀಲಿ ಎರಡೂ ಕಡೆಯಿಂದ ಕಣ್ಣಲ್ಲಿ ನೋಡ್ತಾ ಕತ್ತರಿಸ್ತಾ ಬಂದು ಮಧ್ಯೆ ಕೂಡಿಸೋದು, ಕತ್ತರಿ ತುದಿ ಯಾವಾಗ್ಲೂ ಹೊರಪಕ್ಕಕ್ಕೆ. ಒಂದು ಬದಿ ಆದ್ಮೇಲೆ ಅಲ್ಲೇ ಒಂದು ಹೆಗರ್ ಬಿಟ್ಟು ಇನ್ನೊಂದು ಬದಿ ಶುರು ಮಾಡಿ, ಕತ್ತರಿ ಪಕ್ಕದ ಬದಿಗೆ ದಾಟಿ ಕ್ರಾಸ್‌ಓವರ್ ಆದ್ರೆ ಟಣ್ ಅಂತ ತಾಗುತ್ತೆ. ಆಮೇಲೆ ಸಿರಿಂಜಲ್ಲಿ ಕಾರ್ಪೋರಾ ಒಳಗೆ ಸಲೈನ್ ಬಿಟ್ಟು ಮೂತ್ರದ ಬಾಯಿ ನೋಡ್ಬೇಕು, ಅಲ್ಲಿ ಹನಿ ಕಂಡ್ರೆ ಯುರೇತ್ರಾ ತೂತಾಗಿದೆ ಅಂತ, ಆ ಬದಿಗೆ ಅವತ್ತು ಸಿಲಿಂಡರ್ ಬೇಡ. ತುದೀಲಿ ಗ್ಲಾನ್ಸ್ (ಶಿಶ್ನದ ತಲೆ) ಕೆಳಗೆ ಜಾಗ ಮಾಡೋಕೆ ನಂದೇ ಒಂದು ಪಟ್ಟು ಇದೆ, ಬರೆದು ಹೇಳೋಕಾಗಲ್ಲ, ಓಟಿಗೆ ಬನ್ನಿ ತೋರಿಸ್ತೀನಿ.

13 ಮಿ.ಮೀ.ವರೆಗೂ ಡೈಲೇಟ್ ಮಾಡ್ಲೇಬೇಕು (ದಾರಿ ಅಗಲಿಸ್ಲೇಬೇಕು) ಅನ್ನೋ ಹಟ ಬಿಟ್ಟೆ. ಸುಮಾರು 10 ಆದ್ರೆ ಸಣ್ಣ ಸಿಲಿಂಡರ್ ಕೂರುತ್ತೆ, ಟ್ಯೂನಿಕಾ ಎಳೆದು ಹೊಲಿಯೋಕೂ ಆಗುತ್ತೆ, ಗ್ರಾಫ್ಟ್ (ತೇಪೆ) ಬೇಕಾಗೋದು ಅಪರೂಪ. ಇನ್‌ಫ್ಲೇಟಬಲ್‌ಗೆ (ದ್ರವ ತುಂಬಿ ಉಬ್ಬಿಸೋ ಇಂಪ್ಲಾಂಟ್) ಲಕ್ಷಗಟ್ಟಲೆ ಆಗುತ್ತೆ, ಹಾಗಾಗಿ ನನ್ನ ಹೆಚ್ಚಿನ ಪೇಷಂಟ್‌ಗಳಿಗೆ ನಮ್ಮ ದೇಶದ್ದೇ ಶಾ ಇಂಪ್ಲಾಂಟ್ (ಬಗ್ಗಿಸೋ ಕಡ್ಡಿ ಥರದ್ದು), ಬೆಲೆ ಇನ್ನೊಂದರ ಕಾಲುಭಾಗಕ್ಕಿಂತ ಕಮ್ಮಿ. ಶಾದ ಸ್ಲೀವ್ (ಹೊರಕವಚ) ಕಳಚಿದ್ರೆ ದಪ್ಪ ಇಳಿಯುತ್ತೆ, ಇಂಥ ಕೇಸಿಗೆ ವರದಾನ.

ನಡುವೆ ಇನ್ನೊಂದು ಟ್ರೈ ಮಾಡ್ದೆ, ಆಪರೇಷನ್‌ಗೆ ಮೂರು ತಿಂಗಳು ಮುಂಚಿಂದ ದಿನಾ ವ್ಯಾಕ್ಯೂಮ್ ಪಂಪ್ (ಶಿಶ್ನನ ಗಾಳಿ ಎಳೆದು ಹಿಗ್ಗಿಸೋದು). ನಿಯತ್ತಾಗಿ ಬಳಸಿದೋರಲ್ಲಿ ಕತ್ತರಿ ಸಲೀಸಾಗಿ ಹೋಯ್ತು, ಹೆಚ್ಚಿನೋರು ವಾರಕ್ಕೇ ಬಿಟ್ರು.

ಶಿಶ್ನ ಕುಗ್ಗಿ ಕಳೆದ ಉದ್ದ ವಾಪಸ್ ಬರಲ್ಲ ಅನ್ನೋದನ್ನ ಮೊದಲೇ ಬಿಡಿಸಿ ಹೇಳಿ, ಮದುವೆ ಆಗಿದ್ರೆ ಹೆಂಡ್ತೀನೂ ಕೂರಿಸ್ಕೊಂಡು. ನನ್ನ ಹತ್ರ ಆಪರೇಷನ್ ಆದ್ಮೇಲೆ ಬರೋ ಜಗಳ ಮುಕ್ಕಾಲು ಪಾಲು ಇದ್ರದ್ದೇ.